ಮೂವತ್ತೊಂಬತ್ತನೇ ದಿನ

"ಆ ಹಾಳೆ ಕೆಳಗಿಡು," ಅಂದರು ದೊಡ್ಡ ಗುಮಾಸ್ತರು.

ನಾನು ಇಡಲಿಲ್ಲ. ಇಟ್ಟರೆ ಅದು ಮಾಯವಾಗುತ್ತೆ ಅಂತ ನನಗೆ ಖಾತ್ರಿಯಾಗಿತ್ತು. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಕೊಂಡೇ ನಿಂತೆ.

"ಇಡೋದಿಲ್ಲ. ಇದನ್ನ ಪುಸ್ತಕಕ್ಕೆ ಸೇರಿಸಿದ್ದು ಯಾರು ಅಂತ ಮೊದಲು ಹೇಳಿ. ಬೀರುವಿನ ಕೀಲಿಕೈ ಇರೋದು ನಿಮ್ಮ ಸೊಂಟದಲ್ಲಿ."

ಗುಮಾಸ್ತರು ಕನ್ನಡಕ ತೆಗೆದು ಒರೆಸಿದರು. ಅವರಿಗೆ ಸಿಟ್ಟು ಬಂದಾಗ ಕನ್ನಡಕ ಒರೆಸುತ್ತಾರೆ. ನಾನು ಈ ವಕೀಲರ ಆಫೀಸು ಸೇರಿದ ನಾಲ್ಕು ತಿಂಗಳಲ್ಲಿ ನನ್ನಿಂದಾಗಿ ಆ ಗಾಜು ಸವೆದೇ ಹೋಗಿರಬೇಕು.

ವಿಷಯ ಇಷ್ಟು. ನಮ್ಮ ಕಕ್ಷಿದಾರ ಒಬ್ಬ ಬೀಗದ ಮೇಸ್ತ್ರಿ. ಡಾಕ್ಟರೊಬ್ಬರ ಮನೆಯ ಗೋಡೆ ಕಪಾಟನ್ನು ಒಂದು ಗೀರೂ ಬೀಳದ ಹಾಗೆ ಯಾರೋ ತೆಗೆದು, ಒಳಗಿದ್ದ ಕಾಗದಗಳನ್ನು ಹೊತ್ತುಕೊಂಡು ಹೋದರು. ಗೀರು ಬೀಳದ ಹಾಗೆ ತೆಗೆಯೋದು ಇವನಿಗೊಬ್ಬನಿಗೇ ಬರುತ್ತೆ ಅಂತ ಇವನಿಗೆ ನಾಲ್ಕು ವರ್ಷ ಜೈಲಾಯಿತು. ಕೈಚಳಕ ಇರೋದೇ ಅಪರಾಧ ಅಂದ್ರೆ ನನ್ನ ಅತ್ತೆಯನ್ನೂ ಒಳಗೆ ಹಾಕಬೇಕು, ಅಷ್ಟು ಚೆನ್ನಾಗಿ ಡಬ್ಬಿ ಮುಚ್ಚಳ ತೆಗೀತಾರೆ.

ತೀರ್ಪಿನ ಮೇಲೆ ಅಪೀಲು ಹಾಕಬೇಕಿತ್ತು. ಎಷ್ಟು ದಿನದೊಳಗೆ ಅಂತ ಹುಡುಕಿ ಟಿಪ್ಪಣಿ ಬರೆಯೋ ಕೆಲಸ ವಕೀಲಮ್ಮ ನನಗೆ ಕೊಟ್ಟರು. ಅರವತ್ತು ದಿನ ಅಂತ ಬರೆದೆ. ಪುಸ್ತಕ ನೋಡಿಯೇ ಬರೆದೆ. ನಿನ್ನೆ ಎದುರು ಪಕ್ಷದ ವಕೀಲರು ಮೆಟ್ಟಿಲ ಮೇಲೆ ಸಿಕ್ಕಿ, "ಮೂವತ್ತು ದಿನ ಕಣಮ್ಮ. ಮುಗಿದು ಎಂಟು ದಿನ ಆಯ್ತು," ಅಂತ ನಕ್ಕು ಇಳಿದು ಹೋದರು.

ರಾತ್ರಿಯೆಲ್ಲ ರೆಪ್ಪೆಗೆ ರೆಪ್ಪೆ ಅಂಟಲಿಲ್ಲ. ಬೆಳಿಗ್ಗೆ ಬಂದವಳೇ ಪುಸ್ತಕ ತೆಗೆದೆ.

ಇದು ಹೊಲಿದ ಪುಸ್ತಕವಲ್ಲ, ಬಿಡಿಹಾಳೆ ಪುಸ್ತಕ. ಕಾಯ್ದೆ ಬದಲಾದಾಗೆಲ್ಲ ಪ್ರಕಾಶಕರು ಹೊಸ ಹಾಳೆ ಕಳಿಸುತ್ತಾರೆ. ಹಳೇದು ಕಿತ್ತು ಹೊಸದು ಸೇರಿಸಬೇಕು. ಪ್ರತಿ ಹಾಳೆಯ ಅಡಿಯಲ್ಲಿ ಅದು ಎಷ್ಟನೇ ಕಂತಿನದ್ದು ಅಂತ ಸಣ್ಣ ಅಕ್ಷರದಲ್ಲಿರುತ್ತೆ. ಅಕ್ಕಪಕ್ಕದ ಹಾಳೆಗಳೆಲ್ಲ ಹದಿನಾಲ್ಕನೇ ಕಂತು. ನಾನು ನೋಡಿ ಬರೆದ ಹಾಳೆ ಮಾತ್ರ ಹನ್ನೊಂದು.

ಅಂದರೆ ಯಾರೋ ಹೊಸದು ತೆಗೆದು ಹಳೇದು ಸಿಕ್ಕಿಸಿದ್ದಾರೆ! ಯಾರು? ಗುಮಾಸ್ತರಿಗೆ ನನ್ನ ಜಾಗದಲ್ಲಿ ತಮ್ಮ ಅಕ್ಕನ ಮಗನನ್ನು ಕೂರಿಸಬೇಕು ಅಂತ ಆಸೆಯಿತ್ತು. ನಾನು ಹನ್ನೆರಡು ವರ್ಷ ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡಿ, ಈಗ ಸಂಜೆ ಕಾನೂನು ತರಗತಿಗೆ ಹೋಗುತ್ತಾ ಇಲ್ಲಿಗೆ ಬಂದವಳು ಅಂತ ತಿಳಿದ ದಿನದಿಂದ ಅವರು ನನ್ನನ್ನು ಕರೆಯೋದು "ಎಂಟು ನಂಬರು" ಅಂತ. ಇಂಥವರ ಮೇಲೆ ಅನುಮಾನ ಬರದೆ ಇನ್ನಾರ ಮೇಲೆ ಬರಬೇಕು?

"ಎಂಟು ನಂಬರು," ಅಂದರು ಗುಮಾಸ್ತರು, ಕನ್ನಡಕ ಹಾಕಿಕೊಂಡು. "ಕೂಗಾಡಿ ಆಯ್ತಾ?"

"ಇಲ್ಲ, ಇನ್ನೂ ಇದೆ."

"ಇರಲಿ, ಹಾಗೇ ಇಟ್ಟುಕೋ." ಅವರು ಬಗ್ಗಿ ಕೆಳಗಿನ ಖಾನೆ ಎಳೆದರು. ದಾರ ಕಟ್ಟಿದ ಒಂದು ದಪ್ಪ ಕಟ್ಟು ತೆಗೆದು ನನ್ನ ಮುಂದೆ ಎಸೆದರು. ಧೂಳು ಎದ್ದಿತು. "ಬಿಚ್ಚು. ಈ ಆಫೀಸಿನಲ್ಲಿ ಕಿತ್ತ ಹಳೇ ಹಾಳೆಗಳು. ಒಂದೊಂದೇ ನೋಡು."

ನೋಡಿದೆ. ಪ್ರತಿ ಹಾಳೆಗೂ ಮೂಲೆಯಿಂದ ಮೂಲೆಗೆ ಕೆಂಪು ಪೆನ್ಸಿಲ್ಲಿನ ಅಡ್ಡಗೆರೆ. ಒಂದೂ ತಪ್ಪಿಲ್ಲ.

"ಇಪ್ಪತ್ತಾರು ವರ್ಷ. ಕಿತ್ತ ಹಾಳೆಗೆ ಗೆರೆ ಎಳೆಯದೆ ನಾನು ಉಗುಳೂ ನುಂಗಿದವನಲ್ಲ. ಯಾವನೋ ಅದನ್ನ ನಂಬಿ ಕೋರ್ಟಿಗೆ ಹೋಗಬಾರದು ಅಂತ. ನಿನ್ನ ಕೈಯಲ್ಲಿರೋದರ ಮೇಲೆ ಗೆರೆ ಎಲ್ಲಿದೆ?"

ಇರಲಿಲ್ಲ.

"ಕಳ್ಳರು ಬೇಕಂತಲೇ ಗೆರೆ ಎಳೆಯದೆ ಇಟ್ಟುಕೊಂಡಿರಬಹುದು," ಅಂದೆ. ನನ್ನ ದನಿ ನನಗೇ ಸಣ್ಣಗೆ ಕೇಳಿಸಿತು.

"ಇರಬಹುದು. ತೂತು ಎಣಿಸು."

"ಏನು?"

"ಹಾಳೆಗೆ ಎಷ್ಟು ತೂತಿದೆ ಎಣಿಸಮ್ಮ. ಅಷ್ಟಾದರೂ ಬರುತ್ತಲ್ಲ?"

ನಾಲ್ಕು. ಹಾಳೆ ಹಿಡಿದಿಡೋಕೆ ನಮ್ಮ ಪುಸ್ತಕಕ್ಕಿರೋದು ಎರಡೇ ಕಬ್ಬಿಣದ ಬಳೆ. ಉಳಿದ ಹಾಳೆಗಳಿಗೆಲ್ಲ ಎರಡೆರಡೇ ತೂತು. ಇದರ ನಡುವಿನ ಎರಡು ತೂತು ನಮ್ಮ ಬಳೆಗೆ ಸರಿಯಾಗಿ ಕೂತಿದ್ದರಿಂದ ಮೇಲಿನದೂ ಕೆಳಗಿನದೂ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ನಾಲ್ಕು ಬಳೆಯ ಪುಸ್ತಕ ನಾನು ನೋಡಿದ್ದೇನೆ. ಎಲ್ಲಿ ನೋಡಿದ್ದೇನೆ? ಮೆಲ್ಲಗೆ ನೆನಪಾಗತೊಡಗಿತು.

"ಈಗ ಹಿಂದೆ ತಿರುಗಿಸು. ಬಲಗಡೆ ಮೂಲೆ. ಪೆನ್ಸಿಲ್ಲಿನಲ್ಲಿ ಏನು ಬರೆದಿದೆ?"

"ಇಪ್ಪತ್ಮೂರು."

"ಸಂಜೆ ತರಗತಿಯಲ್ಲಿ ನಿನ್ನ ಹಾಜರಿ ನಂಬರು ಎಷ್ಟು?"

"ಅದೇ... ಇಪ್ಪತ್ಮೂರು," ಅಂದೆ. ಭೂಮಿ ಬಾಯಿ ಬಿಟ್ಟಿದ್ದರೆ ಚಪ್ಪಲಿ ಸಮೇತ ಇಳಿದುಬಿಡುತ್ತಿದ್ದೆ.

ಆ ಶುಕ್ರವಾರ ಕಣ್ಣಿಗೆ ಕಟ್ಟಿದ ಹಾಗೆ ನೆನಪಾಯಿತು. ತರಗತಿಯ ಮೇಷ್ಟ್ರು ಅಭ್ಯಾಸಕ್ಕೆ ಅಂತ ತಮ್ಮ ನಾಲ್ಕು ಬಳೆ ಪುಸ್ತಕದಿಂದ ಕಿತ್ತ, ರದ್ದಾದ ಹಾಳೆಗಳ ಒಂದೊಂದು ಕಟ್ಟು ಎಲ್ಲರಿಗೂ ಕೊಟ್ಟಿದ್ದರು, ಒಂದೊಂದರ ಮೇಲೂ ನಮ್ಮ ನಂಬರು ಹಾಕಿ. ಯಾವುದು ಯಾವಾಗಿನದ್ದು ಅಂತ ಜೋಡಿಸಿಕೊಂಡು ಬರಬೇಕು. ಊಟದ ಹೊತ್ತಲ್ಲಿ ನಾನು ಆಫೀಸಿನ ಪುಸ್ತಕವನ್ನೇ ಪಕ್ಕದಲ್ಲಿ ಬಿಚ್ಚಿಟ್ಟುಕೊಂಡು, ಎರಡನ್ನೂ ಹೋಲಿಸುತ್ತಾ, ಜಾಣೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಾ ಕೂತಿದ್ದೆ. ಫೋನು ಬಡಕೊಂಡಿತು. ಗಡಿಬಿಡಿಯಲ್ಲಿ ಎರಡೂ ಹಾಳೆ ಸೇರಿಸಿ ಎದ್ದೆ. ಅದು ಇದಕ್ಕೆ ಹೋಯಿತು, ಇದು ಅದಕ್ಕೆ ಹೋಯಿತು. ವಾರದ ಮೇಲೆ ಅದೇ ಪುಸ್ತಕ ನೋಡಿ ಟಿಪ್ಪಣಿ ಬರೆದೆ.

ಮೊದಲ ದಿನವೇ ಮೇಷ್ಟ್ರು ಹೇಳಿದ್ದರು: "ಏನಾದರೂ ಓದೋ ಮೊದಲು ಹಾಳೆಯ ಕಾಲು ನೋಡಿ, ಎಷ್ಟನೇ ಕಂತು ಅಂತ." ಹನ್ನೆರಡು ವರ್ಷ ಜನರ ಕಾಲನ್ನೇ ನೋಡಿದವಳು, ಹಾಳೆಯ ಕಾಲು ನೋಡಲಿಲ್ಲ.

"ನಾನೇ," ಅಂದೆ. "ನಾನೇ ಮಾಡಿದ್ದು. ಗುಮಾಸ್ತರೇ, ನಿಮ್ಮನ್ನ ಕಳ್ಳ ಅಂದುಬಿಟ್ಟೆ..."

ಅಳಬಾರದು ಅಂದುಕೊಂಡಷ್ಟೂ ಕಣ್ಣೀರು ಮುಂದೆ ನುಗ್ಗಿತು. ಆದರೆ ಸುಳ್ಳು ಯಾಕೆ ಹೇಳಲಿ, ಆ ಅಳುವಿನ ಅಡಿಯಲ್ಲೊಂದು ನೆಮ್ಮದಿಯೂ ಇತ್ತು. ನನ್ನ ಪಕ್ಕದಲ್ಲೇ ಕೂತು ಊಟ ಮಾಡೋ ಮನುಷ್ಯ ನನ್ನ ಕತ್ತು ಕೊಯ್ಯುತ್ತಿದ್ದಾನೆ ಅಂತ ಬೆಳಿಗ್ಗೆಯಿಂದ ನಂಬಿದ್ದೆ. ಹಾಗೇನೂ ಇರಲಿಲ್ಲ. ನಾನು ದಡ್ಡಿ, ಅಷ್ಟೇ. ದಡ್ಡತನಕ್ಕೆ ಮದ್ದಿದೆ.

"ಅಳು ನಾಳೆಗೆ ಇಟ್ಟುಕೋ," ಅಂದರು ಗುಮಾಸ್ತರು. ಮೇಜಿನ ಮೇಲಿದ್ದ ತಮ್ಮ ಕರ್ಚೀಫು ನನ್ನ ಕಡೆ ತಳ್ಳಿದರು. "ಹುಷಾರು, ಅದರಲ್ಲಿ ಕನ್ನಡಕ ಒರೆಸಿದ್ದೀನಿ."

ಬಾಗಿಲಲ್ಲಿ ವಕೀಲಮ್ಮ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಅವರ ಹಿಂದೆ ಬೀಗದ ಮೇಸ್ತ್ರಿಯ ಅಕ್ಕ, ತಮ್ಮನ ಮಡಿಸಿದ ಅಂಗಿಗಳ ಚೀಲ ಹಿಡಿದು. ಮೇಸ್ತ್ರಿ ಬಿಡುಗಡೆಯಾದ ದಿನ ಹಾಕಿಕೊಳ್ಳಲಿ ಅಂತ ಆಕೆ ಅದನ್ನ ದಿನಾ ಹೊತ್ತು ತರುತ್ತಾರೆ.

"ಅಮ್ಮಾ, ಕೆಲಸ ಬಿಟ್ಟು ಹೋಗ್ತೀನಿ," ಅಂದೆ.

"ಹೋಗಿ ಯಾರಿಗೆ ಚಪ್ಪಲಿ ತೊಡಿಸ್ತೀಯ? ಟಿಪ್ಪಣಿ ನಿಂದು, ಅದರ ಕೆಳಗಿನ ಸಹಿ ನಂದು. ಓದದೆ ಸಹಿ ಹಾಕಿದ್ದು ನಾನು." ವಕೀಲಮ್ಮ ಕುರ್ಚಿ ಎಳೆದು ಕೂತರು. "ಕಿತ್ತು ಹೋದ ಸರಿಯಾದ ಹಾಳೆ ಎಲ್ಲಿ?"

ಎಲ್ಲಿರಬೇಕು, ನನ್ನ ಚೀಲದಲ್ಲೇ ಇತ್ತು. ಮನೆಪಾಠದ ಕಡತದಲ್ಲಿ. ಮೇಷ್ಟ್ರು ಅದಕ್ಕೆ ಹತ್ತಕ್ಕೆ ಹತ್ತು ಕೊಟ್ಟಿದ್ದರು. ಅವರೂ ಕಾಲು ನೋಡಿರಲಿಲ್ಲ!

"ಗಟ್ಟಿಯಾಗಿ ಓದು," ಅಂದರು ವಕೀಲಮ್ಮ. "ಮೇಲಿನಿಂದ ಕೆಳಗೆ. ಸಾರಾಂಶ ಬೇಡ, ನಿನ್ನ ಮಾತು ಬೇಡ. ಕಾಯ್ದೆಯ ಮಾತು ಮಾತ್ರ."

ಓದಿದೆ. ಮೂವತ್ತು ದಿನ. ಕಪ್ಪು ಅಕ್ಷರದಲ್ಲಿ, ಅನುಮಾನಕ್ಕೆ ಜಾಗವೇ ಇಲ್ಲದ ಹಾಗೆ. ಮೇಸ್ತ್ರಿಯ ಅಕ್ಕ ಬೆಂಚಿನ ಮೇಲೆ ಕುಸಿದು ಕೂತರು.

"ಇವತ್ತಿಗೆ ಎಷ್ಟನೇ ದಿನ?"

"ಮೂವತ್ತೊಂಬತ್ತು."

ನಾನು ಸುಮ್ಮನೆ ಹಾಳೆ ತಿರುಗಿಸಿದೆ. ಓದೋದು ಅಂದರೆ ಮುಗಿಯೋ ತನಕ ಓದೋದು ಅಂತ ಈಗಷ್ಟೇ ಬುದ್ಧಿ ಬಂದಿತ್ತಲ್ಲ. ಹಿಂಬದಿಯಲ್ಲಿ ನಾಲ್ಕೇ ಸಾಲು, ಉಪಕಲಮು ಮೂರು. ಓದಿದೆ. ನಾಲಿಗೆ ತೊದಲಿತು. ಇನ್ನೊಂದು ಸಲ ಓದಿದೆ.

"ತೀರ್ಪಿನ ನಕಲಿಗೆ ಅರ್ಜಿ ಕೊಟ್ಟಲ್ಲಿಂದ ನಕಲು ಸಿದ್ಧವಾಗುವ ತನಕ ಹಿಡಿದ ದಿನಗಳನ್ನು ಅವಧಿಯ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದಲ್ಲ."

"ನಕಲು!" ಅಂತ ಕೂಗಿದರು ವಕೀಲಮ್ಮ.

ಗುಮಾಸ್ತರು ಆಗಲೇ ಎದ್ದಿದ್ದರು. ಅರವತ್ತರ ಮನುಷ್ಯ ಏಣಿ ಹತ್ತಿದ್ದು ನೋಡಬೇಕಿತ್ತು. ಮೇಲಿನ ಖಾನೆಯಿಂದ ಕಡತ ತೆಗೆದು, ಇಳಿಯೋಕೂ ಪುರುಸೊತ್ತಿಲ್ಲದೆ ಏಣಿಯ ಮೇಲೇ ನಿಂತು ತೀರ್ಪಿನ ನಕಲಿನ ಕೊನೆಯ ಹಾಳೆ ತಿರುಗಿಸಿದರು. ಅಲ್ಲಿ ಕೋರ್ಟಿನ ನಕಲು ಶಾಖೆಯ ಮುದ್ರೆಗಳಿರುತ್ತವೆ. ಯಾರೂ ಯಾವತ್ತೂ ಓದದ ಜಾಗ ಅದು.

"ಅರ್ಜಿ ಕೊಟ್ಟಿದ್ದು ತೀರ್ಪಿನ ಮಾರನೇ ದಿನ. ನಾನೇ ಹೋಗಿ ಕೊಟ್ಟಿದ್ದು. ಸಿದ್ಧವಾಗಿದ್ದು..." ಅವರು ಬೆರಳು ಮಡಚಿದರು. "ನಕಲು ಯಂತ್ರ ಕೆಟ್ಟಿದೆ, ನಾಳೆ ಬಾ, ನಾಳಿದ್ದು ಬಾ ಅಂತ ಅಲೆದಾಡಿಸಿದ್ದರಲ್ಲ, ಆಗ ಎಷ್ಟು ಬೈದಿದ್ದೆ ಆ ಪುಣ್ಯಾತ್ಮರನ್ನ! ಒಂಬತ್ತು ದಿನ."

ನಾನು ಎಣಿಸಿದೆ. ವಕೀಲಮ್ಮ ಎಣಿಸಿದರು. ಗುಮಾಸ್ತರು ಏಣಿ ಇಳಿದು ಬಂದು ಇನ್ನೊಮ್ಮೆ ಎಣಿಸಿದರು. ಮೂವತ್ತಕ್ಕೆ ಒಂಬತ್ತು ಸೇರಿಸಿದರೆ ಮೂವತ್ತೊಂಬತ್ತು. ಸಣ್ಣ ಮಕ್ಕಳಿಗೂ ಬರೋ ಲೆಕ್ಕಕ್ಕೆ ಮೂರು ಜನ ದೊಡ್ಡವರು ಬೆರಳು ಮಡಚಿ ಕೂತಿದ್ದೆವು.

"ಇವತ್ತೇ ಕೊನೇ ದಿನ," ಅಂದರು ವಕೀಲಮ್ಮ. "ಸಂಜೆ ಐದರ ತನಕ."

ಅಬ್ಬಾ! ಒಂಬತ್ತು ದಿನದ ಹಿಂದೆ ಸತ್ತಿದೆ ಅಂದುಕೊಂಡ ಅಪೀಲು ಎದ್ದು ಕೂತಿತ್ತು. ನಾನು ಮೇಸ್ತ್ರಿಯ ಅಕ್ಕನನ್ನು ತಬ್ಬಿಕೊಂಡೆ. ನಮ್ಮಿಬ್ಬರ ನಡುವೆ ಅಂಗಿಗಳ ಚೀಲ ಅಪ್ಪಚ್ಚಿಯಾಯಿತು. "ಅಯ್ಯೋ, ಇಸ್ತ್ರಿ!" ಅಂದರು ಆಕೆ, ಅಳುತ್ತಲೇ ನಗುತ್ತಾ.

ಆಗ ಹನ್ನೊಂದೂವರೆ.

ಅಪೀಲಿನ ಕಾರಣಗಳನ್ನು ವಕೀಲಮ್ಮ ಬರೆಯಲು ಕೂತರು. ಘಟನೆಗಳ ತಾರೀಖುವಾರು ವಿವರ ನನ್ನ ಪಾಲಿಗೆ ಬಂತು. ಮೊದಲ ವಾಕ್ಯವೇ ಹನ್ನೊಂದು ಸಾಲಾಯಿತು. "ಸದರಿ", "ಮೇಲ್ಕಂಡ", "ತತ್ಸಂಬಂಧವಾಗಿ" ಎಲ್ಲ ಹಾಕಿ ಬಿಗಿದಿದ್ದೆ. ಓದಿದರೆ ನನಗೇ ಅರ್ಥವಾಗಲಿಲ್ಲ.

ಮನೆಗೆ ಫೋನು ಮಾಡಿದೆ. ನನ್ನ ಅತ್ತೆ ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟಾಗಿದ್ದವರು. ನನ್ನನ್ನು ತರಗತಿಗೆ ಸೇರಿಸಿದ್ದೇ ಅವರು. ಅವರ ಮಗ, ಅಂದರೆ ನನ್ನ ಗಂಡ, ಬೇಡ ಅಂದಾಗ, "ನೀನು ಬಸ್ಸು ಓಡಿಸು, ಮನೆ ನಾನು ಓಡಿಸ್ತೀನಿ," ಅಂದಿದ್ದರು.

ವಾಕ್ಯ ಓದಿ ಹೇಳಿದೆ. ಆ ಕಡೆಯಿಂದ ಸದ್ದೇ ಇಲ್ಲ.

"ಅತ್ತೇ? ಇದ್ದೀರಾ?"

"ಇದ್ದೀನಿ, ಉಸಿರು ಬಿಡೋಕೆ ಜಾಗ ಹುಡುಕ್ತಿದ್ದೆ. ಲೇ, ಜಡ್ಜಿಗೂ ವಯಸ್ಸಾಗಿರುತ್ತೆ. ಯಾವತ್ತು, ಯಾರು, ಏನು ಮಾಡಿದರು? ಒಂದು ಸಾಲಿಗೆ ಒಂದು ಸಂಗತಿ. ಅದಾದ ಮೇಲೆ ಚುಕ್ಕಿ ಇಡು. ಚುಕ್ಕಿಗೇನು ತೆರಿಗೆ ಇಲ್ಲವಲ್ಲ!"

ಹಾಗೇ ಮಾಡಿದೆ. ಹನ್ನೊಂದು ಸಾಲಿನ ವಾಕ್ಯ ಆರು ಪುಟ್ಟ ವಾಕ್ಯಗಳಾಯಿತು. ನಾಲ್ಕನೆಯದು ಬರೆಯುವಾಗ ನನ್ನ ಕೈ ನಿಂತಿತು. ಕಪಾಟು ತೆಗೆದಿದೆ ಅಂತ ಡಾಕ್ಟರು ಪೊಲೀಸರಿಗೆ ತಿಳಿಸಿದ್ದು ಮಂಗಳವಾರ. ಬೀಗ ಪರೀಕ್ಷಿಸಿದ ತಜ್ಞ ತನ್ನ ವರದಿಗೆ ಸಹಿ ಹಾಕಿದ್ದು ಸೋಮವಾರ. ಉದ್ದ ವಾಕ್ಯದಲ್ಲಿ ಇದು ಕಂಡಿರಲೇ ಇಲ್ಲ. ಕಳ್ಳತನ ಗೊತ್ತಾಗೋ ಮುಂಚೆಯೇ ಅದರ ವರದಿ ಸಿದ್ಧವಾಗಿತ್ತೇ?

ಹಾಳೆ ಹಿಡಿದು ವಕೀಲಮ್ಮನ ಹತ್ತಿರ ಓಡಿದೆ. ಅವರು ಓದಿದರು. ನಿಧಾನವಾಗಿ ಪೆನ್ನು ಕೆಳಗಿಟ್ಟರು.

"ನಾಲ್ಕು ತಿಂಗಳಿಂದ ನಾನು ಓದ್ತಿರೋ ಕಡತ ಇದು," ಅಂದರು. "ನನಗೆ ಕಂಡಿರಲಿಲ್ಲ. ಶಭಾಷ್. ಇದೇ ಮೊದಲನೇ ಕಾರಣ."

ಆ ಒಂದು ಶಭಾಷ್‌ಗೆ ನಾನು ಹತ್ತು ಏಣಿ ಹತ್ತುತ್ತಿದ್ದೆ.

ನಾಲ್ಕೂವರೆಗೆ ಎಲ್ಲ ಮುಗಿಯಿತು. ಗುಮಾಸ್ತರು ಹಾಳೆಗಳಿಗೆ ದಾರ ಪೋಣಿಸುತ್ತಾ, ಪ್ರತಿಯೊಂದರ ಕಾಲು ನನಗೆ ತೋರಿಸಿ ತೋರಿಸಿ ಮಡಚಿದರು. ಬೇಕಂತಲೇ. ವಕೀಲಮ್ಮನಿಗೆ ಬೇರೆ ಕೋರ್ಟಿನಲ್ಲಿ ಹಾಜರಿ. ನಾನೂ ಮೇಸ್ತ್ರಿಯ ಅಕ್ಕನೂ ಅಪೀಲು ಕೋರ್ಟಿನ ದಾಖಲಾತಿ ಕಚೇರಿಗೆ ಓಡಿದೆವು. ದಾರಿಯುದ್ದಕ್ಕೂ ಕೆಂಪು ದೀಪಗಳು ನಮ್ಮನ್ನೇ ಕಾಯುತ್ತಿದ್ದ ಹಾಗೆ ಹತ್ತಿಕೊಂಡವು.

ನಾಲ್ಕು ಐವತ್ತೊಂದು. ಕಿಟಕಿಯ ಮುಂದೆ ನಾವೇ ಕೊನೆಯವರು.

ಒಳಗೆ ಕೂತಿದ್ದ ಅಧಿಕಾರಿ ಮೆತ್ತಗಿನ ಮನುಷ್ಯ, ಕುತ್ತಿಗೆಗೆ ಮಫ್ಲರು. ಹಾಳೆ ಹಾಳೆಯಾಗಿ ನೋಡಿದ. ಅವಧಿಯ ಲೆಕ್ಕದ ಹತ್ತಿರ ಬೆರಳು ನಿಂತಿತು. ನಕಲಿನ ಹಿಂಬದಿಯ ಮುದ್ರೆಗಳನ್ನು ನೋಡಿದ.

"ಸರಿಯಾಗಿದೆ," ಅಂದ. "ಕೊನೇ ದಿನ ಬಂದಿದ್ದೀರಿ."

"ಹೌದು ಸಾರ್, ನಮಗೂ ಇವತ್ತೇ ಗೊತ್ತಾಗಿದ್ದು."

ಅವನು ನಕ್ಕ. ನಂಬರು ಒತ್ತುವ ಯಂತ್ರದ ಹಿಡಿ ಎಳೆದ. ಧಡ್ ಅಂತ ಸದ್ದಾಯಿತು. ನಾನೂರ ಹದಿನೇಳು. ಒಬ್ಬರಾದ ಮೇಲೆ ಒಬ್ಬರಿಗೆ ಯಂತ್ರ ತಾನಾಗಿ ಕೊಡೋ ನಂಬರು. ನನಗೆ ಅದು ಮಗುವಿಗೆ ಹೆಸರಿಟ್ಟಷ್ಟು ಸಂತೋಷವಾಯಿತು. ಮೇಸ್ತ್ರಿಯ ಅಕ್ಕ ಗೋಡೆಗೊರಗಿ ನೆಲದ ಮೇಲೇ ಕೂತು, "ದಾಖಲಾಯ್ತಾ? ನಿಜವಾಗ್ಲೂ ಆಯ್ತಾ?" ಅಂತ ಎರಡು ಸಲ ಕೇಳಿದರು. "ಆಯ್ತಮ್ಮಾ, ಆಯ್ತು," ಅಂದೆ.

"ಒಂದು ನಿಮಿಷ," ಅಂದ ಅಧಿಕಾರಿ. ಪಕ್ಕದ ತಟ್ಟೆಯಲ್ಲಿ ಕಾಗದಗಳನ್ನು ಮಗುಚುತ್ತಿದ್ದ. "ಈ ಕೈದಿಯ ಹೆಸರಿನಲ್ಲೇ ಇನ್ನೊಂದು ಕಾಗದ ಇದೆ. ಅಪೀಲು ಹಿಂದಕ್ಕೆ ತಗೊಳ್ತೀನಿ ಅಂತ ಅವನೇ ಬರೆದಿದ್ದಾನೆ. ಹೀಗಿದ್ದರೆ ಇದು ಜಡ್ಜರ ತನಕ ಹೋಗೋದೇ ಇಲ್ಲ ಮೇಡಂ, ಇಲ್ಲೇ ಮುಚ್ಚಿಹೋಗುತ್ತೆ."

"ಸಾಧ್ಯವೇ ಇಲ್ಲ!"

ಅವನು ಕಾಗದವನ್ನು ಗಾಜಿನಡಿ ಸರಿಸಿದ. ಜೈಲಿನ ಮೊಹರು ಇತ್ತು. ಮೇಸ್ತ್ರಿಯ ಅಕ್ಕ ಎದ್ದು ಬಂದು ನೋಡಿದರು.

"ಇದು ನನ್ನ ತಮ್ಮನ ಸಹಿನೇ," ಅಂದರು. "ಅವನೇ ಹಾಕಿದ್ದು. ಯಾಕೆ ಹಾಕಿದ?"

ನನಗೂ ಗೊತ್ತಿರಲಿಲ್ಲ. ಕಾಗದವನ್ನು ಮೇಲಿನಿಂದ ಕೆಳಗೆ ಓದಿದೆ, ಒಂದೊಂದೇ ಪದ. ಈ ಕಚೇರಿಗೆ ಬಂದು ಸೇರಿದ ಮುದ್ರೆ: ಇವತ್ತಿನ ತಾರೀಖು, ಬೆಳಿಗ್ಗೆ ಹನ್ನೊಂದು ಹತ್ತು. ಆಗ ಗುಮಾಸ್ತರು ಇನ್ನೂ ಏಣಿ ಹತ್ತಿರಲಿಲ್ಲ. ಅಪೀಲು ಬದುಕಿದೆ ಅಂತ ನಮಗೇ ಗೊತ್ತಿರಲಿಲ್ಲ.

ಅದರ ಕೆಳಗೆ ಟೈಪು ಮಾಡಿದ ವಿಷಯದ ಸಾಲು: ಅಪೀಲು ಸಂಖ್ಯೆ ನಾನೂರ ಹದಿನೇಳನ್ನು ಹಿಂಪಡೆಯುವ ಬಗ್ಗೆ.

ಮತ್ತೆ ಓದಿದೆ. ನಾನೂರ ಹದಿನೇಳು.

ಫೋನು ತೆಗೆದು ವಕೀಲಮ್ಮನಿಗೆ ಮಾಡಿದೆ. "ಅಮ್ಮಾ," ಅಂದೆ, "ನಮ್ಮ ಅಪೀಲಿಗೆ ನಂಬರು ಬಿದ್ದು ಎರಡು ನಿಮಿಷವೂ ಆಗಿಲ್ಲ. ಆ ನಂಬರು ಹಾಕಿದ ಕಾಗದ ಬೆಳಿಗ್ಗೆ ಹನ್ನೊಂದಕ್ಕೇ ಇಲ್ಲಿಗೆ ಬಂದಿದೆ ಅಂತ ಮುದ್ರೆ ಇದೆ."

ಕಿಟಕಿಯಾಚೆ ಅಧಿಕಾರಿಯ ಕೈ ಯಂತ್ರದ ಹಿಡಿಯ ಮೇಲೆ ಹಾಗೇ ನಿಂತಿತು. ಅವನು ತಿರುಗಿ, ತನ್ನ ಬೆನ್ನ ಹಿಂದೆ ಅರೆ ತೆರೆದಿದ್ದ ಬಾಗಿಲು ನೋಡಿದ. ಆಮೇಲೆ ಗಾಜಿನ ಹತ್ತಿರ ಬಾಯಿ ತಂದು, ತುಟಿ ಅಲ್ಲಾಡಿತೋ ಇಲ್ಲವೋ ಅನ್ನೋ ಹಾಗೆ ಹೇಳಿದ.

"ಮೇಡಂ, ದಯವಿಟ್ಟು ಫೋನು ಇಡಿ. ಈ ಕಾಗದ ತಂದುಕೊಟ್ಟವರು ಇನ್ನೂ ಒಳಗೇ ಇದ್ದಾರೆ."